ಪೆಟ್ಟಿಗೆಯ ಮೇಲಿನ ಹೆಸರು, ಪೆಟ್ಟಿಗೆಯೊಳಗಿನ ವಸ್ತು

ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ ಟವೆಲನ್ನು ಬರಿಯ ಹೆಸರಿನಿಂದ ಯಾರೂ ಖರೀದಿಸುವುದಿಲ್ಲ. ಕೊಳ್ಳಲು ಬಂದ ವ್ಯಾಪಾರಿ ಮೊದಲು ಉದ್ದಗಲ ಕೇಳುತ್ತಾನೆ. ಆಮೇಲೆ ಜಿಎಸ್‌ಎಂ ಎಷ್ಟು, ಅಂದರೆ ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಎಂದು ಕೇಳುತ್ತಾನೆ. ನೂಲಿನ ಕೌಂಟ್ ಕೇಳಿ, ಮಾದರಿಯ ತುಂಡನ್ನು ಕೈಯಲ್ಲಿ ಹಿಡಿದು ನೋಡಿ, ಅದನ್ನು ಜೋಪಾನವಾಗಿ ತನ್ನ ಬಳಿ ಇಟ್ಟುಕೊಂಡು, ಬಳಿಕ ದರದ ಮಾತಿಗೆ ಬರುತ್ತಾನೆ. ಈ ವಿವೇಕ ಮಾಲೀಕರಿಗೆ ಮಾತ್ರ ಸೀಮಿತವಲ್ಲ. ಮಗ್ಗದ ಮುಂದೆ ನಿಲ್ಲುವ ಕಾರ್ಮಿಕನಿಗೂ, ಅಂಚು ಹೊಲಿಯುವ ಹೆಣ್ಣುಮಕ್ಕಳಿಗೂ ಅದು ಕೈವಶವಾಗಿದೆ. ಆದರೆ ಅದೇ ಮನೆಯವರು ಮಗನಿಗೆ ಕಂಪ್ಯೂಟರ್ ಕೊಡಿಸಲು ಅಂಗಡಿಗೆ ಹೋದಾಗ ಈ ವಿವೇಕವೆಲ್ಲ ಮರೆತುಹೋಗಿ, ಪೆಟ್ಟಿಗೆಯ ಮೇಲಿನ ಹೆಸರನ್ನೇ ನಂಬಿ ಹಣ ಎಣಿಸಿಕೊಡುತ್ತಾರೆ.

ದೀಪಾವಳಿ ಸಮೀಪಿಸಿದಂತೆ ಅನೇಕ ಮನೆಗಳಲ್ಲಿ ಈ ಬೇಡಿಕೆ ಕೇಳಿಬರುತ್ತದೆ. ಹತ್ತನೆಯ ಇಯತ್ತೆಯ ಹುಡುಗನಿಗೆ ಆಟವಾಡಬಲ್ಲ ಕಂಪ್ಯೂಟರ್ ಬೇಕು, ಅದರಲ್ಲಿ 'ಗ್ರಾಫಿಕ್ಸ್ ಕಾರ್ಡ್' ಇರಲೇಬೇಕು. ಕಾನೂನಿನ ಮೇರೆಗೆ ಅರ್ಹ ಕಾರ್ಮಿಕನಿಗೆ ದೊರೆಯುವ ಕನಿಷ್ಠ ಬೋನಸ್ ವರ್ಷದ ವೇತನದ ಶೇಕಡಾ 8.33; ಎಂದರೆ ಹೆಚ್ಚುಕಡಿಮೆ ಒಂದು ತಿಂಗಳ ಪಗಾರ. ಒಂದು ಮಧ್ಯಮ ದರ್ಜೆಯ ಗ್ರಾಫಿಕ್ಸ್ ಕಾರ್ಡ್ ಈ ಮೊತ್ತವನ್ನು ಒಂದೇ ತುತ್ತಿಗೆ ನುಂಗಬಲ್ಲದು. ವರ್ಷಕ್ಕೊಮ್ಮೆ ಬರುವ ಹಣ ಹೀಗೆ ಒಂದೇ ವಸ್ತುವಿನ ಮೇಲೆ ಹೋಗುವಾಗ, ಅದು ಎಂತಹ ವಸ್ತು ಎಂಬುದು ಹಣ ಕೊಡುವವರಿಗೆ ತಿಳಿದಿರಬೇಕು. ಪೆಟ್ಟಿಗೆಯ ಬರಹ ಇಂಗ್ಲಿಷಿನಲ್ಲಿದೆ, ಮಾರುವವನ ಮಾತು ಮರಾಠಿಯಲ್ಲಿದೆ ಎಂಬ ಕಾರಣಕ್ಕೆ ಕನ್ನಡ ಶಾಲೆಯ ಪಾಲಕರು ಹಿಂಜರಿಯಬೇಕಾಗಿಲ್ಲ. ನೋಡಬೇಕಾದದ್ದು ನಾಲ್ಕಾರು ಅಂಕಿಗಳನ್ನು ಮಾತ್ರ. ಅಂಕಿಗಳಿಗೆ ಭಾಷೆಯ ತೊಡಕಿಲ್ಲ.

ಜಕಾರ್ಡಿನಿಂದ ಗ್ರಾಫಿಕ್ಸ್ ಕಾರ್ಡಿನವರೆಗೆ

ಸೊಲ್ಲಾಪುರದ ಚಾದರವನ್ನು ನೇಯುವುದನ್ನು ಕಂಡವರಿಗೆ ಗ್ರಾಫಿಕ್ಸ್ ಕಾರ್ಡಿನ ಕೆಲಸ ಅರಿಯುವುದು ಕಷ್ಟವಲ್ಲ. ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಯಂತ್ರದಲ್ಲಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆದಿರುತ್ತಾರೆ. ತೂತು ಇರುವಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ. ಹೊಕ್ಕಿನ ಒಂದೊಂದು ಎಳೆಗೆ ಒಂದೊಂದು ಕಾರ್ಡು. ನಕಾಶೆಗಾರ ಚೌಕಳಿ ಕಾಗದದ ಮೇಲೆ ತುಂಬುವ ಪ್ರತಿಯೊಂದು ಮನೆಯೂ ಹಾಸು ಹೊಕ್ಕು ಕೂಡುವ ಒಂದು ಬಿಂದು. ಈ ತೂತಿನ ಕಾರ್ಡಿನ ಕಲ್ಪನೆಯನ್ನೇ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಗಣಿತಯಂತ್ರದ ಯೋಜನೆಗೆ ಎರವಲು ಪಡೆದನು. ಕಂಪ್ಯೂಟರಿನ ವಂಶಾವಳಿಯಲ್ಲಿ ಮಗ್ಗವೂ ಒಂದು ಹಿರಿತಲೆ.

ಕಂಪ್ಯೂಟರಿನ ಪರದೆಯೂ ಅಂತಹುದೇ ಚೌಕಳಿ. ಸಾಧಾರಣ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಬಿಂದುಗಳಿವೆ. ಆಟ ನಡೆಯುವಾಗ ಈ ಪ್ರತಿಯೊಂದು ಬಿಂದುವಿನ ಬಣ್ಣವನ್ನೂ ಸೆಕೆಂಡಿಗೆ 60 ಸಲ ಹೊಸದಾಗಿ ನಿರ್ಧರಿಸಬೇಕು. ಹಾಗೆಂದರೆ ಸೆಕೆಂಡಿಗೆ 12 ಕೋಟಿ 44 ಲಕ್ಷಕ್ಕೂ ಮೀರಿದ ನಿರ್ಧಾರಗಳು. ಕಂಪ್ಯೂಟರಿನ ಮುಖ್ಯ ಸಂಸ್ಕಾರಕ, ಎಂದರೆ ಪ್ರೊಸೆಸರ್, ಕಠಿಣವಾದ ಲೆಕ್ಕಗಳನ್ನು ಒಂದಾದ ಮೇಲೊಂದರಂತೆ ಬಿಡಿಸುವ ಕೆಲವೇ ಮಂದಿ ನಿಪುಣರಿದ್ದಂತೆ. ಗ್ರಾಫಿಕ್ಸ್ ಕಾರ್ಡು ಸುಲಭವಾದ ಲೆಕ್ಕವನ್ನು ಏಕಕಾಲಕ್ಕೆ ಮಾಡುವ ಸಾವಿರಾರು ಕೈಗಳಿದ್ದಂತೆ. ಆ ಕೈಗಳ ಪಕ್ಕದಲ್ಲಿ ನೂಲಿನ ದಾಸ್ತಾನಿನಂತೆ ಕಾರ್ಡಿನದೇ ಆದ ಸ್ಮೃತಿಕೋಶವಿರುತ್ತದೆ. ಅದನ್ನು ಜಿಬಿಯಲ್ಲಿ ಅಳೆಯುತ್ತಾರೆ. ದಾಸ್ತಾನಿನಿಂದ ಮಗ್ಗಕ್ಕೆ ನೂಲು ಬರುವ ದಾರಿಯ ಅಗಲವನ್ನು 'ಬಿಟ್' ಎಂದೂ, ಒಂದು ಸೆಕೆಂಡಿನಲ್ಲಿ ಎಷ್ಟು ಸರಕು ಸಾಗುತ್ತದೆ ಎಂಬುದನ್ನು 'ಬ್ಯಾಂಡ್‌ವಿಡ್ತ್' ಎಂದೂ ಕರೆಯುತ್ತಾರೆ. ಕೈಗಳು ಎಷ್ಟೇ ಚುರುಕಾಗಿದ್ದರೂ ದಾಸ್ತಾನು ಚಿಕ್ಕದಾಗಿದ್ದರೆ ಅಥವಾ ದಾರಿ ಇಕ್ಕಟ್ಟಾಗಿದ್ದರೆ ಮಗ್ಗ ನಿಂತು ನಿಂತು ನಡೆಯುತ್ತದೆ.

ಒಂದೇ ಹೆಸರು, ಬೇರೆ ಬೇರೆ ಸರಕು

ಈ ವ್ಯಾಪಾರದಲ್ಲಿ ಹೆಸರನ್ನು ನಂಬಬಾರದೇಕೆ ಎಂಬುದಕ್ಕೆ ಕಳೆದ ಹತ್ತು ವರ್ಷಗಳ ಇತಿಹಾಸವೇ ಸಾಕ್ಷಿ. 2016ರಲ್ಲಿ ಎನ್‌ವಿಡಿಯಾ ಕಂಪನಿ 'ಜಿಟಿಎಕ್ಸ್ 1060' ಎಂಬ ಒಂದೇ ಹೆಸರಿನಲ್ಲಿ 3 ಜಿಬಿ ಮತ್ತು 6 ಜಿಬಿಯ ಎರಡು ಕಾರ್ಡುಗಳನ್ನು ಮಾರಿತು. ವ್ಯತ್ಯಾಸ ಸ್ಮೃತಿಯಲ್ಲಿ ಮಾತ್ರ ಎಂದು ಕೊಂಡವರು ತಿಳಿದರು. ವಾಸ್ತವದಲ್ಲಿ ಲೆಕ್ಕ ಮಾಡುವ ಕೋರ್‌ಗಳೂ ಒಂದರಲ್ಲಿ 1152, ಇನ್ನೊಂದರಲ್ಲಿ 1280 ಇದ್ದವು. 'ಜಿಟಿ 1030' ಎಂಬ ಅಗ್ಗದ ಕಾರ್ಡು 2017ರಲ್ಲಿ ಬಂದಾಗ ಅದರ ಬ್ಯಾಂಡ್‌ವಿಡ್ತ್ ಸೆಕೆಂಡಿಗೆ 48 ಜಿಬಿ. ಮರುವರ್ಷ ಅದೇ ಹೆಸರಿನಲ್ಲಿ ಬಂದ ಡಿಡಿಆರ್4 ಆವೃತ್ತಿಯದು 16.8 ಜಿಬಿ ಮಾತ್ರ. 2021ರ 'ಆರ್‌ಟಿಎಕ್ಸ್ 3060' 12 ಜಿಬಿ ಸ್ಮೃತಿ ಮತ್ತು 192 ಬಿಟ್ ದಾರಿ ಹೊಂದಿತ್ತು. 2022ರಲ್ಲಿ ಅದೇ ಹೆಸರಿನ ಇನ್ನೊಂದು ಕಾರ್ಡು 8 ಜಿಬಿ ಮತ್ತು 128 ಬಿಟ್‌ಗಳೊಡನೆ ಬಂತು. ಪ್ರತಿಸ್ಪರ್ಧಿಯಾದ ಎಎಂಡಿ ಕಂಪನಿಯೂ ಇದಕ್ಕೆ ಹೊರತಲ್ಲ. ಅದರ 'ಆರ್‌ಎಕ್ಸ್ 560' ಕೆಲವು ಪೆಟ್ಟಿಗೆಗಳಲ್ಲಿ 1024, ಮತ್ತೆ ಕೆಲವು ಪೆಟ್ಟಿಗೆಗಳಲ್ಲಿ 896 ಘಟಕಗಳನ್ನು ಹೊಂದಿದ್ದದ್ದು 2017ರಲ್ಲಿ ಬೆಳಕಿಗೆ ಬಂತು.

ಗ್ರಾಹಕರು ಸುಮ್ಮನೆ ಕುಳಿತಿಲ್ಲವೆಂಬುದೂ ಇದೇ ಇತಿಹಾಸದ ಭಾಗ. 2014ರ 'ಜಿಟಿಎಕ್ಸ್ 970' ಕಾರ್ಡನ್ನು 4 ಜಿಬಿಯದೆಂದು ಮಾರಲಾಗಿತ್ತು. ಅದರಲ್ಲಿ 3.5 ಜಿಬಿ ವೇಗದ್ದು, ಉಳಿದ ಅರ್ಧ ಜಿಬಿ ಬಹಳ ನಿಧಾನದ್ದು ಎಂಬುದು ಬಳಿಕ ಬಯಲಾಯಿತು. ಅಮೆರಿಕದಲ್ಲಿ ಕೊಂಡವರೆಲ್ಲರ ಪರವಾಗಿ ಸಾಮೂಹಿಕ ದಾವೆ ಹೂಡಲಾಯಿತು. 2016ರಲ್ಲಿ ಪ್ರತಿ ಕಾರ್ಡಿಗೆ 30 ಡಾಲರ್ ಕೊಡುವ ರಾಜಿಯೊಂದಿಗೆ ಅದು ಮುಗಿಯಿತು. 2022ರ ಸೆಪ್ಟೆಂಬರಿನಲ್ಲಿ 'ಆರ್‌ಟಿಎಕ್ಸ್ 4080' ಎಂಬ ಹೆಸರನ್ನು 16 ಮತ್ತು 12 ಜಿಬಿಯ, ಒಳಗೆ ತೀರ ಬೇರೆಯಾದ ಎರಡು ಕಾರ್ಡುಗಳಿಗೆ ಇಟ್ಟಾಗ ಎದ್ದ ಆಕ್ಷೇಪಕ್ಕೆ ಮಣಿದು, ಕಂಪನಿಯು ಅಕ್ಟೋಬರ್ 14ರಂದು 12 ಜಿಬಿಯದನ್ನು ಹಿಂತೆಗೆದುಕೊಂಡಿತು. ಗ್ರಾಹಕನು ಅಂಕಿಗಳನ್ನು ಓದತೊಡಗಿದರೆ ದೊಡ್ಡ ಕಂಪನಿಯೂ ಬಗ್ಗುತ್ತದೆ.

ಲ್ಯಾಪ್‌ಟಾಪಿನ ವಿಷಯದಲ್ಲಿ ಎಚ್ಚರ ಇಮ್ಮಡಿಯಾಗಿರಬೇಕು. ಒಂದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡಿಗೆ ಒಬ್ಬ ತಯಾರಕ ಕಡಿಮೆ ವಿದ್ಯುತ್ತನ್ನೂ ಇನ್ನೊಬ್ಬ ಹೆಚ್ಚು ವಿದ್ಯುತ್ತನ್ನೂ ಕೊಟ್ಟಿರುತ್ತಾನೆ. ಅದರಂತೆ ಅವುಗಳ ಓಟವೂ ಬೇರೆಯಾಗುತ್ತದೆ. ಲ್ಯಾಪ್‌ಟಾಪ್ ಕೊಳ್ಳುವವರು ಹೆಸರಿನ ಜೊತೆಗೆ ವ್ಯಾಟ್ ಎಷ್ಟೆಂದು ಕೇಳಬೇಕು.

ಪೈಪೋಟಿಯಲ್ಲಿರುವ ಮೂರು

ಸಾಧಾರಣ ಮನೆಯೊಂದು ಯೋಚಿಸಬಹುದಾದ ದರ್ಜೆಯಲ್ಲಿ ಮೂರು ಕಂಪನಿಗಳ ಕಾರ್ಡುಗಳು ಎದುರುಬದುರಾಗಿವೆ. 2025ರ ಮೇ ತಿಂಗಳಲ್ಲಿ ಬಂದ ಎನ್‌ವಿಡಿಯಾ 'ಆರ್‌ಟಿಎಕ್ಸ್ 5060' 8 ಜಿಬಿ ಸ್ಮೃತಿಯದು, 145 ವ್ಯಾಟ್ ಬಳಸುತ್ತದೆ. ಅಮೆರಿಕದಲ್ಲಿ ಅದರ ಆರಂಭಿಕ ಬೆಲೆ 299 ಡಾಲರ್. ಅದೇ ವರ್ಷ ಜೂನ್‌ನಲ್ಲಿ ಬಂದ ಎಎಂಡಿ 'ಆರ್‌ಎಕ್ಸ್ 9060 ಎಕ್ಸ್‌ಟಿ' ಎರಡು ಬಗೆಯದು: 8 ಜಿಬಿಯದಕ್ಕೆ 299, 16 ಜಿಬಿಯದಕ್ಕೆ 349 ಡಾಲರ್, ಎರಡನೆಯದು ಬಳಸುವುದು 160 ವ್ಯಾಟ್. 2024ರ ಡಿಸೆಂಬರಿನ ಇಂಟೆಲ್ 'ಆರ್ಕ್ ಬಿ580' 12 ಜಿಬಿಯದು, 190 ವ್ಯಾಟ್, 249 ಡಾಲರ್. ಭಾರತದ ಅಂಗಡಿಯಲ್ಲಿ ಸಾಗಣೆ, ಶೇಕಡಾ 18ರ ಜಿಎಸ್‌ಟಿ ಮತ್ತು ವ್ಯಾಪಾರಿಯ ಲಾಭ ಸೇರಿ ದರ ಏರುತ್ತದೆ, ವಾರವಾರಕ್ಕೂ ಬದಲಾಗುತ್ತದೆ. ಆದುದರಿಂದ ಮೊತ್ತಕ್ಕಿಂತ ಅವುಗಳ ನಡುವಣ ಅಂತರವನ್ನು ಗಮನಿಸುವುದು ಲೇಸು.

ಈ ಮೂರರಲ್ಲಿ ಯಾವುದು ಮೇಲು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಅದು ಮನೆಯಲ್ಲಿರುವ ಉಳಿದ ಸಾಮಗ್ರಿಯನ್ನು ಅವಲಂಬಿಸಿದೆ. ಹೊಸ ಆಟಗಳು ಚಿತ್ರದ ಮೆರುಗನ್ನು ಹೆಚ್ಚಿಸಿದಾಗ 8 ಜಿಬಿಯನ್ನು ಮೀರತೊಡಗಿವೆ. ಮೀರಿದ ಸರಕು ಕಂಪ್ಯೂಟರಿನ ಮುಖ್ಯ ಸ್ಮೃತಿಯಿಂದ ಮದರ್‌ಬೋರ್ಡಿನ ದಾರಿಯಾಗಿ ಬರಬೇಕಾಗುತ್ತದೆ. 5060 ಕಾರ್ಡು ಈ ದಾರಿಯ ಎಂಟು ಪಥಗಳನ್ನು ಮಾತ್ರ ಬಳಸುತ್ತದೆ, 9060 ಎಕ್ಸ್‌ಟಿ ಹದಿನಾರನ್ನೂ ಬಳಸುತ್ತದೆ. ಹೊಸ ಬೋರ್ಡಿನಲ್ಲಿ ಈ ಭೇದ ತೋರದು. ಆರೇಳು ವರ್ಷ ಹಳೆಯದಾದ, ಪಿಸಿಐ ಎಕ್ಸ್‌ಪ್ರೆಸ್ 3.0 ದರ್ಜೆಯ ಬೋರ್ಡಿನಲ್ಲಿ ತೋರುತ್ತದೆ. ಬಿ580 ಕಾರ್ಡಿನ ಬೆಲೆ ಆಕರ್ಷಕವಾಗಿದ್ದರೂ ಅದಕ್ಕೆ 'ರೀಸೈಜಬಲ್ ಬಾರ್' ಎಂಬ ಸೌಲಭ್ಯವುಳ್ಳ ಬೋರ್ಡು ಬೇಕು. ಅದಿಲ್ಲದ ಹಳೆಯ ಯಂತ್ರದಲ್ಲಿ ಓಟ ಬಹಳ ಕುಸಿಯುತ್ತದೆ, ಪ್ರೊಸೆಸರ್ ಹಳೆಯದಾದರೂ ಹಾಗೆಯೇ. ಎನ್‌ವಿಡಿಯಾ ಕಾರ್ಡಿನ ಬಲ ಬೇರೆಡೆ ಇದೆ: ಕಡಿಮೆ ಬಿಂದುಗಳ ಚಿತ್ರವನ್ನು ಹಿಗ್ಗಿಸಿ ತೋರಿಸುವ ಅದರ 'ಡಿಎಲ್‌ಎಸ್‌ಎಸ್' ತಂತ್ರ ಹೆಚ್ಚು ಆಟಗಳಲ್ಲಿದೆ, ಮತ್ತು ಕೃತಕ ಬುದ್ಧಿಮತ್ತೆಯ ಪ್ರಯೋಗಗಳನ್ನು ಕಲಿಯುವವರಿಗೆ ಅದರ 'ಕುಡಾ' ವ್ಯವಸ್ಥೆ ಈಗಲೂ ಸುಲಭದ ದಾರಿ.

ಹೀಗೆ ಲೆಕ್ಕ ಹಾಕಿದರೆ, ನಾಲ್ಕೈದು ವರ್ಷ ಬಾಳಬೇಕಾದ ಕಾರ್ಡಿಗೆ 16 ಜಿಬಿಯ 9060 ಎಕ್ಸ್‌ಟಿ ಹೆಚ್ಚಿನ ಮನೆಗಳಿಗೆ ಒಗ್ಗುತ್ತದೆ. ಹಳೆಯ ಬೋರ್ಡಿದ್ದವರಿಗಂತೂ ಅದೇ ಸರಿ. ಬೋರ್ಡು, ಪ್ರೊಸೆಸರ್ ಎರಡೂ ಹೊಸತಾಗಿದ್ದು ಕೈ ಬಿಗಿಯಾಗಿದ್ದರೆ ಬಿ580 ಸಾಕು. ಆಟಕ್ಕಿಂತ ಪ್ರೋಗ್ರಾಮಿಂಗ್ ಮತ್ತು ತ್ರಿಆಯಾಮ ಚಿತ್ರದ ಕಲಿಕೆ ಮುಖ್ಯವಾದರೆ ಎನ್‌ವಿಡಿಯಾ ಮೇಲು; ಆಗಲೂ ಹಣ ಕೂಡಿಬಂದರೆ 'ಆರ್‌ಟಿಎಕ್ಸ್ 5060 ಟಿಐ' ಎಂಬುದರ 16 ಜಿಬಿ ಆವೃತ್ತಿಯನ್ನು ಕೇಳಬೇಕು. ಅದೇ ಹೆಸರಿನಲ್ಲಿ 8 ಜಿಬಿಯದೂ ಮಾರಾಟಕ್ಕಿದೆ ಎಂಬುದನ್ನು ಮರೆಯಬಾರದು.

ನಾಲ್ಕನೆಯ ಆಯ್ಕೆಯೊಂದಿದೆ, ಅದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹುಡುಗನು ಆಡುವುದು ವ್ಯಾಲೊರಂಟ್, ಮೈನ್‌ಕ್ರಾಫ್ಟ್‌ನಂತಹ ಹಗುರವಾದ ಆಟಗಳಾಗಿದ್ದು ಪರದೆ ಸಾಧಾರಣದ್ದಾಗಿದ್ದರೆ, ಒಳಗೇ ಗ್ರಾಫಿಕ್ಸ್ ಇರುವ 'ರೈಜನ್ 5 5600ಜಿ' ಅಥವಾ '8600ಜಿ'ಯಂತಹ ಪ್ರೊಸೆಸರ್ ಸಾಕು, ಬೇರೆ ಕಾರ್ಡೇ ಬೇಡ. ಮುಂದೆ ಬೇಕೆನಿಸಿದರೆ ಆಗ ಕಾರ್ಡು ಕೂಡಿಸಬಹುದು. ಪರದೆ 60 ಹರ್ಟ್ಸ್‌ನದಾಗಿದ್ದರೆ ಅದು ಸೆಕೆಂಡಿಗೆ 60 ಚಿತ್ರಗಳನ್ನಷ್ಟೇ ತೋರಬಲ್ಲದು. 140 ಚಿತ್ರ ಬಿಡಿಸುವ ಕಾರ್ಡಿಗೆ ಕೊಟ್ಟ ಹೆಚ್ಚುವರಿ ಹಣದ ಫಲ ಆ ಪರದೆಯಲ್ಲಿ ಕಾಣುವುದಿಲ್ಲ.

ಸೆಖೆ, ಹತ್ತಿಯ ಎಳೆ, ವಿದ್ಯುತ್ತು

ಪರೀಕ್ಷಾ ವರದಿಗಳು ತಂಪಾದ ಕೋಣೆಯಲ್ಲಿ ತಯಾರಾಗುತ್ತವೆ. ಸೊಲ್ಲಾಪುರದ ಬೇಸಗೆ 40 ಡಿಗ್ರಿ ದಾಟುತ್ತದೆ, ತಗಡಿನ ಮಾಡಿನ ಕೆಳಗೆ ಇನ್ನೂ ಹೆಚ್ಚು. ಕೋಣೆಯ ಸೆಖೆ ಏರಿದಷ್ಟೂ ಕಾರ್ಡಿನ ಸೆಖೆ ಏರುತ್ತದೆ. ಒಂದು ಮಿತಿ ಮುಟ್ಟಿದಾಗ ಅದು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಆದುದರಿಂದ ಹೊಳೆಯುವ ದೀಪಗಳಿಗೂ 'ಓಸಿ' ಎಂಬ ಅಕ್ಷರಗಳಿಗೂ ಹಣ ತೆರುವುದಕ್ಕಿಂತ, ಎರಡು ಫ್ಯಾನು ಮತ್ತು ದಪ್ಪನೆಯ ಲೋಹದ ರೆಕ್ಕೆಗಳಿರುವ ಸರಳ ಮಾದರಿಯನ್ನು ಆರಿಸುವುದು ಇಲ್ಲಿನ ಹವೆಗೆ ತಕ್ಕದ್ದು. ಎಂಐಡಿಸಿಯ ಸುತ್ತಣ ವಸತಿಗಳಲ್ಲಿ ಇನ್ನೊಂದು ವೈರಿ ಇದೆ: ಗಾಳಿಯಲ್ಲಿ ತೇಲುವ ಹತ್ತಿಯ ಎಳೆ. ಅದು ಫ್ಯಾನಿನ ಹಿಂದೆ ರೆಕ್ಕೆಗಳ ಸಂದಿಯಲ್ಲಿ ಕಂಬಳಿಯಂತೆ ಕಟ್ಟಿಕೊಳ್ಳುತ್ತದೆ. ಮನೆಯಲ್ಲೇ ಮಗ್ಗವಿದ್ದರೆ ಕಂಪ್ಯೂಟರನ್ನು ಬೇರೆ ಕೋಣೆಯಲ್ಲಿ, ನೆಲದಿಂದ ಮೇಲೆ ಇಡಬೇಕು. ಪೆಟ್ಟಿಗೆಗೆ ಜಾಳಿಗೆ ಇರಬೇಕು, ತಿಂಗಳಿಗೊಮ್ಮೆ ವಿದ್ಯುತ್ ಕಡಿದು ಧೂಳು ಊದಿ ತೆಗೆಯಬೇಕು. ಕಾರ್ಡಿನ ತಿರುಪುಗಳನ್ನು ಮಾತ್ರ ಬಿಚ್ಚಬಾರದು. ವಾರಂಟಿಯ ಷರತ್ತುಗಳಲ್ಲಿ ಅದಕ್ಕೆ ತಡೆಯಿರಬಹುದು.

ವಿದ್ಯುತ್ ಬಿಲ್ಲಿನ ಹೆದರಿಕೆ ಅಷ್ಟು ಸಕಾರಣವಲ್ಲ. 145 ಮತ್ತು 190 ವ್ಯಾಟಿನ ಕಾರ್ಡುಗಳ ಅಂತರ 45 ವ್ಯಾಟ್. ದಿನಕ್ಕೆ 3 ಗಂಟೆಯಂತೆ ವರ್ಷವಿಡೀ ಆಡಿದರೂ ಹೆಚ್ಚುವುದು 49 ಯೂನಿಟ್; ಯೂನಿಟ್ಟಿಗೆ 10 ರೂಪಾಯಿ ಹಿಡಿದರೆ 490 ರೂಪಾಯಿ. ಹೆದರಬೇಕಾದದ್ದು ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಗೆ. ಹಳೆಯ ಕಚೇರಿ ಕಂಪ್ಯೂಟರಿನ ಅಗ್ಗದ ಪೆಟ್ಟಿಗೆಗೆ ಇಂತಹ ಕಾರ್ಡು ತೊಡಿಸಿದರೆ ಕಂಪ್ಯೂಟರ್ ನಡುನಡುವೆ ಆರಿಹೋಗುತ್ತದೆ, ಕೆಲವೊಮ್ಮೆ ಎಲ್ಲವೂ ಸುಟ್ಟುಹೋಗುತ್ತದೆ. 5060ಕ್ಕೆ ತಯಾರಕರೇ 550 ವ್ಯಾಟಿನ ಎಸ್‌ಎಂಪಿಎಸ್ ಸೂಚಿಸಿದ್ದಾರೆ. ಅದರ ಬೆಲೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕು.

'ಓದಿಗೂ ಬೇಕು' ಎಂಬ ವಾದ

ಮಕ್ಕಳು ಮುಂದಿಡುವ ವಾದ ಒಂದಿದೆ: ಈ ಕಾರ್ಡಿದ್ದರೆ ಜಕಾರ್ಡ್ ಡಿಸೈನ್ ಕಲಿಯಬಹುದು, ಮುಂದೆ ಟವೆಲ್ ಕಾರಖಾನೆಯಲ್ಲಿ ಕೆಲಸ ಸಿಗುತ್ತದೆ. ಡಿಸೈನ್ ಕಲಿಕೆ ಒಳ್ಳೆಯದೇ. ವಿದ್ಯುನ್ಮಾನ ಜಕಾರ್ಡುಗಳು ಬಂದ ಮೇಲೆ ತೂತಿನ ರಟ್ಟಿನ ಸ್ಥಾನವನ್ನು ಕಂಪ್ಯೂಟರ್ ಕಡತ ಹಿಡಿದಿದೆ. ಆದರೆ ಆ ಕೆಲಸ ಸಮತಲದ ಚೌಕಳಿಯಲ್ಲಿ ಎಣಿಸಬಹುದಾದಷ್ಟು ಬಣ್ಣ ತುಂಬುವುದು. ಅದಕ್ಕೆ ದುಬಾರಿ ಕಾರ್ಡು ಬೇಕಿಲ್ಲ, ಒಳ್ಳೆಯ ಪರದೆ ಮತ್ತು ತಾಳ್ಮೆ ಬೇಕು. ಬಟ್ಟೆ ಮೈಮೇಲೆ ಹೇಗೆ ಬೀಳುತ್ತದೆಂದು ತ್ರಿಆಯಾಮದಲ್ಲಿ ತೋರಿಸುವ ಕೆಲಸಕ್ಕೆ ಮಾತ್ರ ಕಾರ್ಡಿನ ಬಲ ಬೇಕಾಗುತ್ತದೆ. ಆಟಕ್ಕಾಗಿ ಕಾರ್ಡು ಕೊಳ್ಳುವುದು ಅಪರಾಧವಲ್ಲ. ಆಟಕ್ಕೆಂದೇ ಕೇಳಿ, ಆಟಕ್ಕೆಂದೇ ಕೊಡಿಸುವುದು ತಂದೆ ಮಕ್ಕಳಿಬ್ಬರಿಗೂ ಶ್ರೇಯಸ್ಕರ. ಅದರಿಂದ ಎಷ್ಟು ಖರ್ಚು ಮಾಡಬೇಕೆಂಬ ಮಾತನ್ನು ನೇರವಾಗಿ ಆಡಲು ಸಾಧ್ಯವಾಗುತ್ತದೆ. ಹಣ ಪಣಕ್ಕಿಡುವ ಆಟಗಳ ಭಯವಿದ್ದವರು ಒಂದು ಸಂಗತಿ ತಿಳಿದಿರಬೇಕು: 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಹಣದಾಟವನ್ನು ನಿಷೇಧಿಸಿ, ಇ-ಕ್ರೀಡೆಯನ್ನು ಪ್ರತ್ಯೇಕವಾಗಿ ಮನ್ನಿಸಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾಗಿಲ್ಲ.

ಅಂಗಡಿಯಲ್ಲಿ ಹೇಗೆ ಕೇಳಬೇಕು

ಎಂಐಡಿಸಿಯ ವ್ಯಾಪಾರಿ ಮಾದರಿಯ ತುಂಡನ್ನು ಇಟ್ಟುಕೊಳ್ಳುವುದಕ್ಕೆ ಕಾನೂನಿನ ಆಧಾರವಿದೆ. 1930ರ ಸರಕು ಮಾರಾಟ ಕಾಯಿದೆಯ 17ನೆಯ ಕಲಮಿನಂತೆ, ಮಾದರಿ ತೋರಿಸಿ ಮಾರಿದ ಸರಕು ಮಾದರಿಗೆ ಸರಿಹೊಂದಲೇಬೇಕು. 15ನೆಯ ಕಲಮಿನಂತೆ, ವರ್ಣನೆ ನೀಡಿ ಮಾರಿದ ಸರಕು ವರ್ಣನೆಗೆ ಸರಿಹೊಂದಬೇಕು. ಕಾರ್ಡು ಕೊಳ್ಳುವವರಿಗೆ ಬಹು ಮುಖ್ಯವಾದದ್ದು 16ನೆಯ ಕಲಮು. ಕೊಳ್ಳುವವನು ತನ್ನ ಉದ್ದೇಶವನ್ನು ಮಾರುವವನಿಗೆ ತಿಳಿಸಿ ಅವನ ಅನುಭವವನ್ನು ನೆಚ್ಚಿದರೆ, ಸರಕು ಆ ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬ ಷರತ್ತು ತಾನಾಗಿ ಹುಟ್ಟುತ್ತದೆ. ಆದರೆ ವ್ಯಾಪಾರನಾಮ ಹಿಡಿದು ನಿರ್ದಿಷ್ಟ ವಸ್ತುವನ್ನೇ ಬೇಡಿದರೆ ಆ ರಕ್ಷಣೆ ಇಲ್ಲ.

ಇದರ ಅರ್ಥ ತಿಳಿಯಲು ಇಂಗ್ಲೆಂಡಿನ ಎರಡು ಹಳೆಯ ಮೊಕದ್ದಮೆಗಳು ನೆರವಾಗುತ್ತವೆ. 1838ರ ಚಾಂಟರ್ ವಿರುದ್ಧ ಹಾಪ್‌ಕಿನ್ಸ್ ಪ್ರಕರಣದಲ್ಲಿ ಕೊಳ್ಳುವವನು ಹೊಗೆ ನುಂಗುವ ಪೇಟೆಂಟ್ ಕುಲುಮೆಯೊಂದನ್ನು ಹೆಸರು ಹಿಡಿದು ತರಿಸಿದನು. ಅದು ಅವನ ಮದ್ಯದ ಭಟ್ಟಿಗೆ ಉಪಯೋಗವಾಗಲಿಲ್ಲ. ಕೇಳಿದ ವಸ್ತುವೇ ದೊರೆತಿದೆ, ಹಣ ಕೊಡಬೇಕು ಎಂದಿತು ನ್ಯಾಯಾಲಯ. 1925ರ ಬಾಲ್ಡ್ರಿ ವಿರುದ್ಧ ಮಾರ್ಷಲ್ ಪ್ರಕರಣದಲ್ಲಿ ಕೊಳ್ಳುವವನು ಪ್ರವಾಸಕ್ಕೆ ಹಿತವಾದ ಕಾರು ಬೇಕೆಂದು ಹೇಳಿದನು, ಮಾರುವವರು ಬುಗಾಟಿ ಕಾರನ್ನು ಸೂಚಿಸಿದರು, ಅದು ಹಿತವಾಗಿರಲಿಲ್ಲ. ಬುಗಾಟಿ ಎಂಬುದು ವ್ಯಾಪಾರನಾಮವಾದರೂ, ಕೊಂಡವನು ಉದ್ದೇಶ ತಿಳಿಸಿ ಮಾರುವವರ ಮಾತು ನೆಚ್ಚಿದ್ದರಿಂದ ಅವನ ಪರವಾಗಿ ತೀರ್ಪಾಯಿತು.

ಅಂಗಡಿಯಲ್ಲಿ 'ಇಂತಹ ನಂಬರಿನ ಕಾರ್ಡು ಕೊಡಿ' ಎಂದು ಮಾತ್ರ ಕೇಳುವವನು ಮೊದಲನೆಯವನ ಸ್ಥಾನದಲ್ಲಿ ನಿಲ್ಲುತ್ತಾನೆ. 'ಈ ಬೋರ್ಡು, ಈ ಎಸ್‌ಎಂಪಿಎಸ್, ಈ ಪರದೆ, ಈ ಆಟಗಳು; ಇವಕ್ಕೆ ಹೊಂದುವ ಕಾರ್ಡು ಬೇಕು' ಎಂದು ಚೀಟಿಯಲ್ಲಿ ಬರೆದು ಕೊಟ್ಟು, ಅಂಗಡಿಯವನ ಅಂದಾಜುಪಟ್ಟಿಯನ್ನು ಬರಹದಲ್ಲಿ ಪಡೆಯುವವನು ಎರಡನೆಯವನ ಸ್ಥಾನದಲ್ಲಿ ನಿಲ್ಲುತ್ತಾನೆ. ಮೊಬೈಲಿನಲ್ಲಿ ಕಳಿಸಿದ ಸಂದೇಶವೂ ಬರಹವೇ. ಅದನ್ನು ಅಳಿಸದೆ ಉಳಿಸಿಕೊಳ್ಳಬೇಕು.

ಬಿಲ್ಲನ್ನು ಎಂದೂ ಬಿಡಬಾರದು. ಬಿಲ್ ಬೇಡವೆಂದರೆ ಶೇಕಡಾ 18 ಕಡಿಮೆ ಎಂಬ ಮಾತು ಕೇಳಲು ಹಿತ. ಆದರೆ ಬಿಲ್ಲಿಲ್ಲದ ಕಾರ್ಡಿಗೆ ವಾರಂಟಿ ಕೇಳುವುದು ಕಷ್ಟ, ದೂರು ಸಾಬೀತುಪಡಿಸುವುದು ಇನ್ನೂ ಕಷ್ಟ. 2019ರ ಗ್ರಾಹಕ ರಕ್ಷಣಾ ಕಾಯಿದೆಯ 2(47)ನೆಯ ಕಲಮು ಬಿಲ್ ಕೊಡದಿರುವುದನ್ನೇ ಅನುಚಿತ ವ್ಯಾಪಾರ ಪದ್ಧತಿಯೆಂದು ಹೇಳಿದೆ. ಹಳೆಯ ಅಥವಾ ದುರಸ್ತಿ ಮಾಡಿದ ಸರಕನ್ನು ಹೊಸತೆಂದು ಮಾರುವುದೂ ಹಾಗೆಯೇ. 2022ರ ಸೆಪ್ಟೆಂಬರಿನಲ್ಲಿ ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ಪದ್ಧತಿ ಬದಲಾದ ಮೇಲೆ, ಹಗಲಿರುಳು ದುಡಿದು ದಣಿದ ಕಾರ್ಡುಗಳು ಜಗತ್ತಿನ ಪೇಟೆಗಳಿಗೆ ಬಂದವು. ಆ ಕಾಲದ ಮಾದರಿಗಳನ್ನು ಈಗಲೂ 'ಹೊಸತು' ಎಂದು ಕೊಡುವವರಿದ್ದರೆ ಮೊಹರನ್ನು ಪರೀಕ್ಷಿಸಬೇಕು. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದೆ ಪಡೆಯಲು ನಿರಾಕರಿಸುವುದೂ ಅದೇ ಕಲಮಿನಲ್ಲಿ ಸೇರಿದೆ. ಪೆಟ್ಟಿಗೆಯ ಮೇಲೆ ಆಮದುದಾರನ ಹೆಸರು ಮತ್ತು ಗರಿಷ್ಠ ಮಾರಾಟ ಬೆಲೆ ಮುದ್ರಿತವಾಗಿರಬೇಕು. ಅವಿಲ್ಲದ ಪೆಟ್ಟಿಗೆ ಅಡ್ಡದಾರಿಯಲ್ಲಿ ಬಂದದ್ದಾಗಿರಬಹುದು, ಅದಕ್ಕೆ ಇಲ್ಲಿ ವಾರಂಟಿ ಸಿಗದೆ ಹೋಗಬಹುದು.

ಬಿಲ್ಲು ಯಾರ ಹೆಸರಿನಲ್ಲಿರಬೇಕೆಂಬುದೂ ಸಣ್ಣ ಮಾತಲ್ಲ. ಹದಿನೆಂಟು ತುಂಬದವನು ಮಾಡಿದ ಕರಾರು ಶೂನ್ಯವೆಂದು ಪ್ರಿವಿ ಕೌನ್ಸಿಲ್ 1903ರಲ್ಲಿ, ಮೊಹೊರಿ ಬೀಬಿ ಪ್ರಕರಣದಲ್ಲಿ, ಖಚಿತಪಡಿಸಿತು. ಮಗನ ಖಾತೆಯಿಂದ, ಮಗನ ಹೆಸರಿಗೆ ತರಿಸಿಕೊಂಡ ಕಾರ್ಡು ಕೆಟ್ಟರೆ ಬೇಡದ ತೊಡಕು ಹುಟ್ಟುತ್ತದೆ. ತಾಯಿ ಅಥವಾ ತಂದೆಯ ಹೆಸರಿನಲ್ಲೇ ಬಿಲ್ಲಿರಲಿ. ಸ್ವಂತ ಡಿಸೈನ್ ಕೆಲಸದಿಂದ ಹೊಟ್ಟೆ ಹೊರೆಯುವವನು ಸ್ವಯಂ ಉದ್ಯೋಗಕ್ಕೆಂದು ಕೊಂಡರೂ ಗ್ರಾಹಕನೇ. ಲಾಭದ ವ್ಯಾಪಾರಕ್ಕೆ ಕೊಳ್ಳುವ ಕಾರಖಾನೆಗೆ ಆ ಕಾಯಿದೆಯ ಆಶ್ರಯವಿಲ್ಲ. ನೆರೆಯವನ ಬಳಕೆಯ ಕಾರ್ಡನ್ನು ಕೈಯಿಂದ ಕೈಗೆ ಕೊಂಡವರೂ ಗ್ರಾಹಕ ಆಯೋಗವನ್ನು ನೆಚ್ಚುವಂತಿಲ್ಲ, ಏಕೆಂದರೆ ನೆರೆಯವನು ವ್ಯಾಪಾರಿಯಲ್ಲ.

ವಿವಾದ ಹುಟ್ಟಿದರೆ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಪುಣೆ ಅಥವಾ ಬೆಂಗಳೂರಿನ ಮಾರಾಟಗಾರನಿಂದ ತರಿಸಿದ ಸರಕಾದರೂ, ಗ್ರಾಹಕನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಲು 34ನೆಯ ಕಲಮು ಅವಕಾಶ ಕೊಟ್ಟಿದೆ. ಅಕ್ಕಲಕೋಟದ ಮನೆಯವರು ಸೊಲ್ಲಾಪುರದ ಆಚೆ ಹೋಗಬೇಕಿಲ್ಲ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂಬ ಕಟ್ಟಳೆಯೂ ಇಲ್ಲ. ಕಾರಣ ಉಂಟಾದ 2 ವರ್ಷದೊಳಗೆ ದೂರು ದಾಖಲಾಗಬೇಕು.

ಅಂತೂ ಬಿಲ್ಲಿನಲ್ಲಿ ಕಾಣಬೇಕಾದವು ಇಷ್ಟು: ಕಾರ್ಡಿನ ಪೂರ್ಣ ಹೆಸರು, ಸ್ಮೃತಿ ಎಷ್ಟು ಜಿಬಿ ಎಂಬುದು, ಸರಣಿ ಸಂಖ್ಯೆ, ವಾರಂಟಿ ಎಷ್ಟು ವರ್ಷ ಮತ್ತು ಅದನ್ನು ಪೂರೈಸುವವರು ಯಾರು ಎಂಬುದು, ಜಿಎಸ್‌ಟಿ ಮೊತ್ತ, ದಿನಾಂಕ. ಪೆಟ್ಟಿಗೆಯ ಮೇಲಿನ ಸರಣಿ ಸಂಖ್ಯೆಯನ್ನು ಕಾರ್ಡಿನ ಮೇಲಿನದರೊಡನೆ ಅಂಗಡಿಯಲ್ಲೇ ಹೋಲಿಸಬೇಕು. ಈ ಹೋಲಿಕೆಯ ಕೆಲಸವನ್ನು ಮಗನಿಗೇ ಒಪ್ಪಿಸುವುದು ಒಳ್ಳೆಯದು. ಬೋನಸ್ಸಿನ ಹಣ ಎಲ್ಲಿಂದ ಬಂತೆಂಬುದು ಅವನಿಗೆ ಗೊತ್ತಿದೆ. ಅದು ಯಾವ ವಸ್ತುವಿಗೆ ಹೋಯಿತೆಂಬುದನ್ನೂ ಅವನೇ ಓದಿ ಹೇಳಲಿ.